ಬಾಡಿಗೇಲಿ ಡ್ರೈವರ್ ನಿದ್ದೇನೂ ಸೇರ್ಲಿ

ಏರ್‌ಪೋರ್ಟಿಗೆ ಕಾರು ಮಾಡೋದು ಅನ್ನೋದು ನಮ್ಮ ಬೋಗಾದಿ ಕಡೆ ಈಗ ಮದುವೆಗೆ ಅಡುಗೆಯವ್ರನ್ನ ಗೊತ್ತು ಮಾಡಿದಷ್ಟೇ ಮಾಮೂಲಾಗಿಬಿಟ್ಟಿದೆ. ಯಾವ ಬೀದಿಗೆ ಹೋದ್ರೂ ಮಗನೋ ಮಗಳೋ ಹೊರದೇಶದಲ್ಲಿರೋ ಮನೆ ಒಂದಾದ್ರೂ ಸಿಗ್ತದೆ. ರಿಂಗ್ ರೋಡ್ ದಾಟಿ ಗದ್ದಿಗೆ ರಸ್ತೇಲಿ ಮುಂದಕ್ಕೆ ಹೋದ್ರೆ ಕೇರ್ಗಳ್ಳಿ, ಮರಟಿಕ್ಯಾತನಹಳ್ಳಿ ಕಡೆ ಹಳ್ಳಿ ಮನೆಗಳಲ್ಲೂ ಈಗ ಪಾಸ್‌ಪೋರ್ಟ್ ಇದೆ. ಯಾರಾದ್ರೂ ಬರ್ತಾರೆ ಅಂದ್ರೆ ಅಕ್ಕಪಕ್ಕದೋರು ಕೇಳೋದು ಎರಡೇ ಪ್ರಶ್ನೆ. "ಯಾರ್ ಗಾಡಿ ಹೇಳಿದ್ರಿ? ಎಷ್ಟಕ್ಕೆ ಒಪ್ಕೊಂಡ?"

ಮೂರನೇದು ಒಂದು ಪ್ರಶ್ನೆ ಇದೆ. ಅದನ್ನ ಯಾರೂ ಕೇಳಲ್ಲ. "ಡ್ರೈವರ್ ನಿದ್ದೆ ಮಾಡಿದಾನಾ?" ಈ ಪ್ರಶ್ನೆ ಕೇಳ್ಬೇಕಾದೋರು ನಾವೇ, ಅದಕ್ಕೆ ಬೇಕಾದ ದುಡ್ಡು ಕೊಡ್ಬೇಕಾದೋರೂ ನಾವೇ ಅನ್ನೋದು ನನ್ನ ವಾದ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಕೂತ್ಕೊಂಡು ಓದಿ.

ಮೊದಲು ದಾರಿ ಲೆಕ್ಕ. ಮೈಸೂರಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಹತ್ತಿರ ಹತ್ತಿರ 185 ಕಿಲೋಮೀಟರ್. ಹೋಗಿ ಬಂದ್ರೆ 370. 2008ರ ಮೇ ತಿಂಗಳವರೆಗೆ ವಿಮಾನ ಎಲ್ಲಾ ಬೆಂಗಳೂರಿನ ಒಳಗೇ ಇದ್ದ ಎಚ್.ಎ.ಎಲ್. ನಿಲ್ದಾಣಕ್ಕೆ ಬರ್ತಿದ್ವು. ಆಮೇಲೆ ದೇವನಹಳ್ಳಿಗೆ ಹೋಯ್ತು. ನಾವು ಬೆಂಗಳೂರಿಗೆ ಹೊಕ್ಕೋದು ಕೆಂಗೇರಿ ಕಡೆಯಿಂದ, ಅಂದ್ರೆ ನೈಋತ್ಯ ಮೂಲೆ. ಏರ್‌ಪೋರ್ಟ್ ಇರೋದು ಹೆಬ್ಬಾಳ ದಾಟಿ ಉತ್ತರಕ್ಕೆ. ಇಡೀ ಊರನ್ನ ಈ ತುದಿಯಿಂದ ಆ ತುದಿಗೆ ದಾಟ್ಬೇಕು. 2023ರ ಮಾರ್ಚ್ 12ಕ್ಕೆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, 119 ಕಿಲೋಮೀಟರ್. "ಇನ್ನೇನು, ಒಂದೂವರೆ ಗಂಟೇಲಿ ಬೆಂಗಳೂರು" ಅಂತ ಎಲ್ಲರೂ ಕುಣಿದ್ರು. ಒಂದೂವರೆ ಗಂಟೇಲಿ ಸಿಗೋದು ಬೆಂಗಳೂರಿನ ಬಾಗಿಲು ಕಣ್ರೀ, ಏರ್‌ಪೋರ್ಟ್ ಅಲ್ಲ. ಊರೊಳಗೆ ಟ್ರಾಫಿಕ್ಕಲ್ಲಿ ಕಳ್ಕೊಂಡ ಹೊತ್ತನ್ನ ಡ್ರೈವರ್ ಎಲ್ಲಿ ವಸೂಲಿ ಮಾಡ್ತಾನೆ? ಹೈವೇಲಿ. ಅಲ್ಲಿಂದ ಶುರುವಾಗ್ತದೆ ತಾಪತ್ರಯ.

"ಬಸ್ ಇಲ್ವಾ?" ಅಂತ ಕೇಳ್ತೀರ. ಇದೆ. ಕೆ.ಎಸ್.ಆರ್.ಟಿ.ಸಿ.ಯವ್ರ ಫ್ಲೈಬಸ್ 2013ರಿಂದ ಮೈಸೂರಿಗೂ ಏರ್‌ಪೋರ್ಟಿಗೂ ನೇರವಾಗಿ ಓಡಾಡ್ತದೆ. ಒಂದು ಬ್ಯಾಗು, ಗಟ್ಟಿ ಕಾಲು, ಇಪ್ಪತ್ತೈದು ಮೂವತ್ತರ ವಯಸ್ಸು ಇರೋರು ಒಬ್ಬರೇ ಬರ್ತಿದ್ರೆ ಬಸ್ಸಲ್ಲಿ ಬರೋದೇ ಸರಿ. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ನಮ್ಮಲ್ಲಿ ಒಂದು ರೋಗ ಇದೆ: "ಅಮೆರಿಕದಿಂದ ಬಂದ ಮಗನ್ನ ಬಸ್ಸಲ್ಲಿ ಕರೆಸ್ಕೊಂಡ್ರಂತೆ" ಅಂತ ಯಾರಾದ್ರೂ ಆಡ್ಕೋತಾರೆ ಅನ್ನೋ ಭಯ. ಆಡ್ಕೊಳ್ಳೋರು ಕಾರು ಕಳಿಸಿದ್ರೆ "ದೊಡ್ಡ ಕಾರು ಕಳಿಸಕ್ಕಾಗ್ಲಿಲ್ವಂತೆ" ಅಂತ ಆಡ್ಕೋತಾರೆ. ಬಿಟ್ಟಾಕಿ.

ಆದ್ರೆ ಎಲ್ಲರಿಗೂ ಬಸ್ ಆಗಲ್ಲ. ಮಂಡಿ ನೋವಿನ ಅಜ್ಜಿ, ಕೈಕೂಸು ಎತ್ಕೊಂಡ ಬಾಣಂತಿ, ಆಪರೇಶನ್ ಆಗಿ ಬಂದಿರೋರು, ತಲಾ ಎರಡೆರಡು ದೊಡ್ಡ ಪೆಟ್ಟಿಗೆ ಇರೋರು, ಇವ್ರನ್ನೆಲ್ಲಾ ಬಸ್ ಮೈಸೂರು ಬಸ್‌ಸ್ಟ್ಯಾಂಡಲ್ಲಿ ಇಳಿಸಿಬಿಟ್ರೆ ಅಲ್ಲಿಂದ ಆಟೊ ಹುಡುಕ್ಬೇಕು. ಬೋಗಾದಿಗಾದ್ರೆ ಹೇಗೋ ಬರ್ತಾರೆ. ಗದ್ದಿಗೆ ಕಡೆ ಹಳ್ಳಿಗೆ ಸರಿರಾತ್ರೀಲಿ ಯಾರು ಬರ್ತಾರೆ? ಇನ್ನು ಸಾವಿನ ಸುದ್ದಿ ಕೇಳಿ ಹೊರಟು ಬರೋರಿಗಂತೂ ಯಾವ ಬಸ್ಸಿನ ಟೈಮೂ ಹೊಂದಲ್ಲ. ಮಣ್ಣು ಮಾಡೋ ಹೊತ್ತಿಗೆ ಮಗ ಬರ್ಬೇಕು, ಮುಖ ನೋಡ್ಬೇಕು, ಅಷ್ಟೇ ಎಲ್ಲರ ತಲೇಲಿ ಇರೋದು. ಹಾಗಾಗಿ ಕಾರು ಮಾಡೋದು ಶೋಕಿ ಅಂತ ನಾನು ಹೇಳಲ್ಲ. ಎಷ್ಟೋ ಮನೆಗೆ ಅದು ಅಗತ್ಯ.

"ನಮ್ಮ ಮಂಡಕಳ್ಳಿ ಏರ್‌ಪೋರ್ಟೇ ಇದೆಯಲ್ಲ" ಅನ್ನೋರೂ ಇದ್ದಾರೆ. 2010ರಲ್ಲಿ ಹೊಸ ಕಟ್ಟಡ ಉದ್ಘಾಟನೆ ಆಯ್ತು, ನಿಜ. ಆದ್ರೆ ರನ್‌ವೇ ಉದ್ದ 1,740 ಮೀಟರ್. ಎ.ಟಿ.ಆರ್. ಥರದ ಸಣ್ಣ ರೆಕ್ಕೆಪಂಖದ ವಿಮಾನಕ್ಕೆ ಅದು ಸಾಕು, ದೊಡ್ಡ ವಿಮಾನಕ್ಕೆ ಸಾಲದು. ಗಲ್ಫ್ ಕಡೆಯಿಂದ ಬರೋರಲ್ಲಿ ಕೆಲವರು ಕಣ್ಣೂರು ಏರ್‌ಪೋರ್ಟ್ ಹಿಡೀತಾರೆ, 2018ರ ಡಿಸೆಂಬರಲ್ಲಿ ಶುರುವಾಗಿದ್ದು. ಅಲ್ಲಿಂದ ಬರ್ಬೇಕಾದ್ರೆ ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆ, ಹುಣಸೂರು ಮೇಲೆ ಬರ್ಬೇಕು. ಅಲ್ಲೂ ರಾತ್ರಿ, ಅಲ್ಲೂ ಡ್ರೈವರ್ರೇ. ಯಾವ ಕಡೆ ತಿರುಗಿದ್ರೂ ನಮ್ಮ ಪ್ರಯಾಣದ ಕೊನೇ ಭಾಗ ಒಬ್ಬ ಮನುಷ್ಯನ ಕಣ್ಣ ಮೇಲೇ ನಿಂತಿದೆ.

ಈಗ ರಾತ್ರಿ ಲೆಕ್ಕಕ್ಕೆ ಬರೋಣ. ಹೊರದೇಶದ ವಿಮಾನ ಬಹಳಷ್ಟು ನಡುರಾತ್ರಿಯಿಂದ ಬೆಳಗಿನ ಜಾವದೊಳಗೇ ಇಳಿಯೋದು. ರಾತ್ರಿ ಎರಡಕ್ಕೆ ಇಳೀತದೆ ಅಂತಿಟ್ಕೊಳ್ಳಿ. ಇಮಿಗ್ರೇಶನ್, ಲಗೇಜು ಎಲ್ಲಾ ಮುಗಿಸಿ ಹೊರಗೆ ಬರೋ ಹೊತ್ತಿಗೆ ಮೂರೂಕಾಲು. ನಮ್ಮ ಡ್ರೈವರ್ ಬೋಗಾದಿ ಬಿಟ್ಟಿರೋದು ರಾತ್ರಿ ಒಂಬತ್ತಕ್ಕೆ. ಅವನು ಬೆಳಗ್ಗೆ ಆರಕ್ಕೆ ಎದ್ದು ಸ್ಕೂಲ್ ಮಕ್ಕಳನ್ನ ಬಿಟ್ಟಿರ್ತಾನೆ, ಮಧ್ಯಾಹ್ನ ಯಾರನ್ನೋ ಆಸ್ಪತ್ರೆಗೆ ಕರ್ಕೊಂಡು ಹೋಗಿರ್ತಾನೆ, ಸಂಜೆ ಗಾಡಿ ತೊಳೆದು ಹೊರಟಿರ್ತಾನೆ. ಕಾಯೋ ಹೊತ್ತಲ್ಲಿ ಸೀಟು ಹಿಂದಕ್ಕೆ ಮಾಡಿ ಅರ್ಧ ಗಂಟೆ ಕಣ್ಣು ಮುಚ್ಚಿದ್ರೆ ಅದೇ ಹೆಚ್ಚು, ಅಷ್ಟರೊಳಗೆ ನಾವು ನಾಲ್ಕು ಸಲ ಫೋನ್ ಮಾಡಿರ್ತೀವಿ. "ಲ್ಯಾಂಡ್ ಆಯ್ತಂತೆ ನೋಡಪ್ಪಾ, ಗೇಟ್ ಹತ್ರ ಬಾ." ವಾಪಸ್ ಬೋಗಾದಿ ಮುಟ್ಟೋ ಹೊತ್ತಿಗೆ ಬೆಳಗ್ಗೆ ಏಳು. ಇಪ್ಪತ್ತೈದು ಗಂಟೆ ಆಯ್ತು ಅವನು ಎದ್ದು.

1997ರಲ್ಲಿ ಆಸ್ಟ್ರೇಲಿಯಾದ ಡಾಸನ್, ರೀಡ್ ಅನ್ನೋ ಇಬ್ಬರು ವಿಜ್ಞಾನಿಗಳು 'ನೇಚರ್' ಪತ್ರಿಕೇಲಿ ಒಂದು ಪರೀಕ್ಷೆ ಬಗ್ಗೆ ಬರೆದ್ರು. ಕೆಲವರನ್ನ ನಿದ್ದೆಗೆ ಬಿಡದೆ ಎಚ್ಚರವಾಗಿಟ್ರು, ಇನ್ನೊಂದು ದಿನ ಅವ್ರಿಗೇ ಹೆಂಡ ಕುಡಿಸಿದ್ರು. ಎರಡೂ ಸಲ ಕಣ್ಣು-ಕೈ ಎಷ್ಟು ಚುರುಕಾಗಿ ಕೆಲಸ ಮಾಡ್ತದೆ ಅಂತ ಅಳೆದ್ರು. ಹದಿನೇಳು ಗಂಟೆ ಎಚ್ಚರ ಇದ್ದೋರ ಸ್ಥಿತಿ, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದೋರ ಥರ ಇತ್ತು. ಇಪ್ಪತ್ತನಾಲ್ಕು ಗಂಟೆ ಆದ ಮೇಲೆ ಹತ್ತಿರ ಹತ್ತಿರ 100 ಮಿಲಿಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆ ಪ್ರಕಾರ 30 ದಾಟಿದ್ರೇನೇ ಕುಡಿದು ಗಾಡಿ ಓಡಿಸಿದ ಕೇಸು. ಅಂದ್ರೆ ಏನಾಯ್ತು? ಕುಡಿದಿರೋ ಡ್ರೈವರ್ ಬಂದ್ರೆ ಬಾಗಿಲಲ್ಲೇ ಬೈದು ವಾಪಸ್ ಕಳಿಸ್ತೀವಿ. ನಿದ್ದೆಗೆಟ್ಟು ಅದಕ್ಕಿಂತ ಮೂರು ಪಟ್ಟು ಮಂಕಾಗಿರೋನ ಕೈಗೆ ಮೊಮ್ಮಗೂನ ಕೊಟ್ಟು, "ಹುಷಾರಪ್ಪಾ" ಅಂತ ಒಂದು ಮಾತು ಹೇಳಿ ಹಿಂದಿನ ಸೀಟಲ್ಲಿ ಮಲಗಿಬಿಡ್ತೀವಿ.

"ಅವ್ರಿಗೆ ಅಭ್ಯಾಸ ಆಗೋಗಿದೆ ಬಿಡಿ" ಅಂತಾರೆ. ಹಸಿವು ಅಭ್ಯಾಸ ಆಗ್ತದಾ? ನಿದ್ದೇನೂ ಹಾಗೇ. ಅಭ್ಯಾಸ ಆಗೋದು ಕಣ್ಣು ಬಿಟ್ಕೊಂಡು ಕೂತಿರೋದು, ಅಷ್ಟೇ. ಮೂರರಿಂದ ಐದರ ನಡುವೆ ಎಂಥಾ ಗಟ್ಟಿಗನಿಗೂ ಜೊಂಪು ಹತ್ತೇ ಹತ್ತದೆ. ಹಿಂದೆ ಬೆಳಗಿನ ಜಾವ ಬೆಲ್ಲದ ಗಾಡಿ ಹೊಡ್ಕೊಂಡು ಸಂತೆಗೆ ಹೋಗೋರು ಗಾಡೀಲೇ ನಿದ್ದೆ ಮಾಡಿದ್ರೆ ಎತ್ತು ದಾರಿ ನೋಡ್ಕೋತಿತ್ತು. ಕಾರಿಗೆ ಆ ಬುದ್ಧಿ ಇಲ್ಲ.

ಹೊಸ ರಸ್ತೆಯಿಂದ ಇನ್ನೊಂದು ಬದಲಾಗಿದೆ, ಗಮನಿಸಿದೀರೋ ಇಲ್ವೋ. ಹಳೇ ಮೈಸೂರು ರಸ್ತೇಲಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಾ ಊರಿನ ಒಳಗೇ ಹೋಗ್ಬೇಕಿತ್ತು. ಹಂಪು, ಸಿಗ್ನಲ್ಲು, ಬಸ್ಸು ಅಂತ ಬೈಕೊಂಡೇ ಹೋಗ್ತಿದ್ವಿ. ಆದ್ರೆ ಹಂಪು ಬಂದ್ರೆ ಎಚ್ಚರ ಆಗ್ತಿತ್ತು. ಊರು ಬಂದ್ರೆ ಕಾಫಿ ಅಂಗಡಿ ದೀಪ ಕಾಣ್ತಿತ್ತು, "ನಿಲ್ಸಪ್ಪಾ, ಒಂದು ಲೋಟ ಕುಡ್ಯೋಣ" ಅಂತ ಯಾರಾದ್ರೂ ಅಂತಿದ್ರು. ಈಗ ಬೈಪಾಸುಗಳು ಆ ಊರುಗಳನ್ನೆಲ್ಲಾ ಪಕ್ಕಕ್ಕೆ ಸರಿಸಿವೆ. 2023ರ ಆಗಸ್ಟ್ 1ರಿಂದ ಬೈಕು, ಆಟೊಗಳನ್ನೂ ಮುಖ್ಯ ರಸ್ತೆಗೆ ಬಿಡಲ್ಲ. ಅದು ಒಳ್ಳೇದೇ, ಎಷ್ಟೋ ಜೀವ ಉಳೀತದೆ. ಆದ್ರೆ ನಿದ್ದೆಗೆಟ್ಟ ಡ್ರೈವರಿಗೆ ಆ ನೇರವಾದ ನುಣುಪು ರಸ್ತೆ ಜೋಗುಳ ಹಾಡಿದ ಹಾಗೆ. ಮದ್ದೂರು ವಡೆಗೆ ನಿಲ್ಲಿಸೋದನ್ನ ತಿಂಡಿಪೋತತನ ಅಂತ ನಗ್ತಿದ್ವಲ್ಲ, ಆ ನಿಲ್ಲಿಸೋದೇ ಒಂದು ಕಾವಲಾಗಿತ್ತು.

ಇದಕ್ಕಿಂತ ಕೆಟ್ಟದ್ದು ಬಿಟ್ಟು ಬರೋ ಟ್ರಿಪ್ಪು. ಮಗಳು ವಾಪಸ್ ಹೊರಟಳು, ವಿಮಾನ ಬೆಳಗಿನ ಜಾವ. ಸಂಜೆ ಏಳಕ್ಕೆ ಮನೆ ಬಿಟ್ಟು ಹನ್ನೊಂದಕ್ಕೆ ಅವಳನ್ನ ಏರ್‌ಪೋರ್ಟಲ್ಲಿ ಇಳಿಸಿದ. ಅವಳು ಒಳಗೆ ಹೋಗಿ "ಚೆಕ್ಕಿನ್ ಆಯ್ತಮ್ಮ" ಅಂತ ಫೋನ್ ಮಾಡಿದ್ಲು. ನಾವು ದೇವರ ಮುಂದೆ ಒಂದು ಕೈ ಮುಗಿದು ದೀಪ ಆರಿಸಿ ಮಲಗಿದ್ವಿ. ಆಗ ಡ್ರೈವರ್ ಎಲ್ಲಿರ್ತಾನೆ? ಖಾಲಿ ಗಾಡೀಲಿ, ಮಾತಾಡೋರು ಒಬ್ರೂ ಇಲ್ದೆ, 185 ಕಿಲೋಮೀಟರ್ ವಾಪಸ್ ಬರ್ತಿರ್ತಾನೆ. ಅಮೆರಿಕ ಮುಟ್ಟಿದ ಮಗಳಿಗೆ "ತಲುಪಿದ್ಯಾ?" ಅಂತ ಕೇಳ್ತೀವಿ. ಬೋಗಾದಿಗೆ ಬರ್ಬೇಕಾದೋನಿಗೆ "ತಲುಪಿದ್ಯೇನಪ್ಪಾ?" ಅಂತ ಕೇಳಿದ ಮನೆ ನಾನು ನೋಡಿದ್ದು ಬಹಳ ಕಮ್ಮಿ. ಅವನಿಗೂ ಮನೇಲಿ ಒಬ್ಬಳು ಬಾಗಿಲು ಕಾಯ್ತಿರ್ತಾಳೆ.

ಕಾನೂನು ಏನೂ ಹೇಳಲ್ವಾ ಅಂದ್ರೆ, ಹೇಳ್ತದೆ. 2025ರವರೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ ಒಂದಿತ್ತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ, ದೂರದ ದಾರಿಗಾದ್ರೆ ಸ್ವಲ್ಪ ಸಡಿಲ, ಐದು ಗಂಟೆ ಆದ ಮೇಲೆ ಅರ್ಧ ಗಂಟೆಯಾದ್ರೂ ವಿರಾಮ. ಚೆನ್ನಾಗಿತ್ತು ಅಲ್ವಾ? ಆದ್ರೆ ಅದು ತಾನಾಗೇ ಅನ್ವಯ ಆಗ್ತಿದ್ದಿದ್ದು ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಇರೋ ಸಂಸ್ಥೆಗೆ. ನಮ್ಮ ಬೀದಿ ಹುಡುಗ ಸಾಲ ಮಾಡಿ ತಗೊಂಡಿರೋದು ಒಂದೇ ಗಾಡಿ. ಅವನೇ ಮಾಲೀಕ, ಅವನೇ ಡ್ರೈವರ್, ಅವನೇ ಕ್ಲೀನರ್. "ಇವತ್ತು ಸಾಕು, ಮಲಗು" ಅಂತ ಹೇಳೋ ಮಾಲೀಕನೂ ಇಲ್ಲ, ಬಂದು ಕೇಳೋ ಇನ್‌ಸ್ಪೆಕ್ಟರೂ ಇಲ್ಲ. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳೂ ಬಂದು ಕೇಳ್ತದೆ. ಅಲ್ಲಿಗೆ ಉಳಿಯೋದು ಯಾರು? ಗಾಡಿ ಕರೆಯೋ ನಾವು. ಅದಕ್ಕೇ ನಾನು ಮನೆಯವರ ಹೊಣೆ ಅನ್ನೋದು.

ಅವನು ಯಾಕೆ ಮಲಗಲ್ಲ ಅನ್ನೋದನ್ನೂ ದುಡ್ಡಿನ ಲೆಕ್ಕದಲ್ಲೇ ನೋಡೋಣ. ಕಿಲೋಮೀಟರಿಗೆ ಹದಿಮೂರು ರೂಪಾಯಿ ಮಾತಾಡಿದೀರಿ, ಟೋಲು ನಮ್ದು ಅಂತಿಟ್ಕೊಳ್ಳಿ. 370 ಕಿಲೋಮೀಟರಿಗೆ 4,810 ರೂಪಾಯಿ. ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಟ್ರೆ ಇಪ್ಪತ್ತೂವರೆ ಲೀಟರ್ ಡೀಸೆಲ್. ತೊಂಬತ್ತು ರೂಪಾಯಿ ಹಿಡಿದ್ರೂ 1,850 ಹೋಯ್ತು. ಉಳಿದಿದ್ದು 2,960. ಕಂತು ತಿಂಗಳಿಗೆ ಹದಿನೈದು ಸಾವಿರ ಇದ್ರೆ ದಿನಕ್ಕೆ ಐನೂರು. ಇನ್ಶೂರೆನ್ಸು, ಟೈರು, ಸರ್ವೀಸು ಬೇರೆ. ಈಗ ಅವನು ಮಧ್ಯಾಹ್ನ ಮಲಗಿದ್ರೆ ಆ ದಿನದ ಅರ್ಧ ದುಡಿಮೆ ಹೋಯ್ತು. ಬೆಳಗ್ಗೆ ಬಂದು ಮಲಗಿದ್ರೆ ಮಾರನೇ ದಿನದ ಸ್ಕೂಲ್ ಟ್ರಿಪ್ಪೂ ಹೋಯ್ತು. ಅಂದ್ರೆ ಅವನು ಮಲಗೋದಕ್ಕೆ ಖರ್ಚಿದೆ. ಆ ಖರ್ಚನ್ನ ನಾವು ಕೊಡ್ತಿಲ್ಲ, ಅವನ ಕೈಲೂ ಆಗಲ್ಲ, ಅದಕ್ಕೇ ಅವನು ಮಲಗ್ತಿಲ್ಲ. ಇಷ್ಟೇ ವಿಷಯ. ಸೋಮಾರಿತನವೂ ಅಲ್ಲ, ದುರಾಸೆಯೂ ಅಲ್ಲ.

ಹಾಗಾದ್ರೆ ಸಾವಿರ ರೂಪಾಯಿ ಮೇಲೆ ಕೊಟ್ಟು "ಮಧ್ಯಾಹ್ನ ಊಟ ಆದ ಮೇಲೆ ನಿನ್ನ ಗಾಡಿ ನಮ್ದು, ಬೇರೆ ಬಾಡಿಗೆ ಹಿಡೀಬೇಡ, ಮಲಗೆದ್ದು ಬಾ" ಅಂದ್ರೆ ಸಾಕು. ಲಕ್ಷ ರೂಪಾಯಿ ವಿಮಾನದ ಟಿಕೆಟ್ಟಿಗೆ ಚೌಕಾಸಿ ಮಾಡದೇ ಕೊಡ್ತೀವಿ. ಸೀಟಿಗೆ, ಲಗೇಜಿಗೆ ಕೇಳಿದಷ್ಟು ಮೇಲೆ ಕಟ್ತೀವಿ. ಆಮೇಲೆ ನಮ್ಮ ಹುಡುಗನ ಹತ್ರ ಮುನ್ನೂರು ರೂಪಾಯಿ ಬಾಟಾಕ್ಕೆ ಗೇಟಲ್ಲಿ ನಿಂತು ಜಗಳ ಆಡ್ತೀವಿ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಇಲ್ಲಿ ಹೋಗೋದು ಬರೀ ಮಾನ ಅಲ್ಲ.

"ನಿದ್ದೆ ಮಾಡಿದ್ಯಾ ಅಂತ ಕೇಳಿದ್ರೆ ಹೂಂ ಅಂತ ಸುಳ್ಳು ಹೇಳ್ತಾನೆ" ಅಂತ ನಮ್ಮ ಮನೆಯವ್ರೇ ಅಂದ್ರು. ಹೇಳ್ತಾನೆ, ನಿಜ. ಬಾಡಿಗೆ ಕೈ ತಪ್ಪಿ ಹೋಗ್ತದೆ ಅನ್ನೋ ಭಯಕ್ಕೆ ಹೇಳ್ತಾನೆ. ಅದಕ್ಕೇ ಹೊರಡೋ ಹೊತ್ತಲ್ಲಿ ಕೇಳ್ಬಾರ್ದು. ಎರಡು ದಿನ ಮುಂಚೇನೇ ಮಾತಾಡಿ, ಮುಂಗಡ ಕೊಟ್ಟು, ಅರ್ಧ ದಿನ ಗಾಡಿ ಹಿಡ್ಕೊಂಡುಬಿಟ್ರೆ ಅವನಿಗೆ ಸುಳ್ಳು ಹೇಳೋ ಅಗತ್ಯಾನೇ ಬರಲ್ಲ.

ಇನ್ನು ವೈಟ್ ಬೋರ್ಡ್ ಗಾಡಿ ವಿಷಯ. ಪಕ್ಕದ ಮನೆಯೋರ ಸ್ವಂತ ಕಾರು, ಡೀಸೆಲ್ ಹಾಕಿಸಿ ಸಾವಿರ ಕೊಟ್ರೆ ಆಯ್ತು, ಅಗ್ಗ ಅಂತ ಕರೀತಾರೆ. ಬಾಡಿಗೆಗೆ ಓಡ್ಸೋಕೆ ಪರ್ಮಿಟ್ ಬೇಕು, ಹಳದಿ ಬೋರ್ಡ್ ಇರ್ಬೇಕು. ಸ್ವಂತ ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಅಂತ ಕೊಟ್ಟಿರೋದಲ್ಲ, ಅದು ಪಾಲಿಸಿಲೇ ಬರೆದಿರ್ತದೆ. ಏನೂ ಆಗದಿದ್ರೆ ಸಾವಿರ ಎರಡು ಸಾವಿರ ಉಳೀತದೆ. ಏನಾದ್ರೂ ಆದ್ರೆ ಗಾಡಿಯೋರೂ ನಾವೂ ಕೋರ್ಟಿಗೆ ಅಲೀಬೇಕು, ಮೂವತ್ತು ವರ್ಷದ ನೆರೆಹೊರೆಯೂ ಮುರಿದುಬೀಳ್ತದೆ. ಹೊಟ್ಟೆಪಾಡಿಗೆ ಹಳದಿ ಬೋರ್ಡ್ ಹಾಕಿಸಿ ತೆರಿಗೆ ಕಟ್ಟಿರೋ ಹುಡುಗನ ಅನ್ನಕ್ಕೂ ಅದು ಕಲ್ಲು.

ಆಪಲ್ಲಿ ಬುಕ್ ಮಾಡಿದ್ರೆ ಈ ತಲೆನೋವೆಲ್ಲಾ ಇಲ್ಲ ಅಂತಾರೆ ಮಕ್ಕಳು. ಅಲ್ಲಿ ಕೂತು ಬೆರಳು ಒತ್ತಿದ್ರೆ ಗಾಡಿ ಬರ್ತದೆ, ಒಪ್ತೀನಿ. ಆದ್ರೆ ಬರೋನು ಬೆಂಗಳೂರಿನ ಡ್ರೈವರ್. ಅವನು ಹಿಂದಿನ ದಿನ ಎಷ್ಟು ಗಂಟೆ ಓಡ್ಸಿದಾನೆ ಅಂತ ನಮಗೆ ಗೊತ್ತಾಗಲ್ಲ, ನಮ್ಮನ್ನ ಬೋಗಾದೀಲಿ ಇಳಿಸಿ ಬಿಸಿಲೇರೋ ಹೊತ್ತಲ್ಲಿ ಅಷ್ಟೇ ದೂರ ವಾಪಸ್ ಹೋಗ್ಬೇಕು. ಬೀದಿ ಹುಡುಗನಾದ್ರೆ ಅವನ ತಾಯೀನೇ ಹೇಳ್ತಾಳೆ, "ಮಲಗವ್ನೆ ಕಣಕ್ಕ, ಆರ್ ಗಂಟೆಗೆ ಎಬ್ಬಿಸ್ತೀನಿ" ಅಂತ. ಗುರುತಿನ ಡ್ರೈವರ್ ಇಟ್ಕೊಳ್ಳೋದರ ಲಾಭ ಅದೇ. ಕರೆಸಲೇಬೇಕಾಗಿ ಬಂದ್ರೆ, ಇಳಿದ ಮೇಲೆ ಅವನಿಗೊಂದು ಚಾಪೆ, ತಲೆದಿಂಬು, ಫ್ಯಾನು ಕೊಟ್ಟು ಎರಡು ಗಂಟೆ ಮಲಗ್ಸಿ ಕಳ್ಸಿ. ಮುಂದಿನ ರೂಮಲ್ಲಿ ಅಷ್ಟು ಜಾಗ ಎಲ್ಲರ ಮನೇಲೂ ಇರ್ತದೆ.

ನಮ್ಮ ಮನೇಲಿ ನಾವು ಮಾಡ್ಕೊಂಡಿರೋ ನೇಮ ಹೇಳ್ತೀನಿ, ಸರಿ ಅನ್ಸಿದ್ರೆ ನೀವೂ ಮಾಡಿ. ಟಿಕೆಟ್ ತಗೊಳ್ಳೋವಾಗ್ಲೇ ಇಳಿಯೋ ಹೊತ್ತು ನೋಡೋದು. ಹಗಲು ಇಳಿಯೋ ವಿಮಾನ ಎರಡು ಮೂರು ಸಾವಿರ ಜಾಸ್ತಿ ಆದ್ರೂ ಅದೇ ಅಗ್ಗ. ರಾತ್ರೀನೇ ಆದ್ರೆ ಮಧ್ಯಾಹ್ನದಿಂದ ಗಾಡಿ ಹಿಡಿಯೋದು. ಕಿಲೋಮೀಟರು, ಟೋಲು, ಕಾಯೋದು, ಬಾಟಾ ಎಲ್ಲಾ ಮೊದಲೇ ಮಾತಾಡಿ ಫೋನಲ್ಲಿ ಬರೆದು ಕಳ್ಸೋದು. ಗಾಡಿ ಮುಂದಿನ ಸೀಟಲ್ಲಿ ಎಚ್ಚರ ಇರೋ ದೊಡ್ಡೋರು ಒಬ್ಬರು ಕೂತ್ಕೊಳ್ಳೋದು, ಹದಿನಾರು ಗಂಟೆ ವಿಮಾನದಲ್ಲಿ ಬಂದ ಮಗನ್ನ ಅಲ್ಲಿ ಕೂರಿಸ್ಬಾರ್ದು, ಅವನು ಮೊದಲು ನಿದ್ದೆ ಹೋಗಿ ಪಕ್ಕದೋನಿಗೂ ನಿದ್ದೆ ತರಿಸ್ತಾನೆ. ದಾರೀಲಿ ಒಂದು ಸಲವಾದ್ರೂ ಗಾಡಿ ನಿಲ್ಲಿಸಿ ಇಳಿಯೋದು. ನೂರರ ಮಿತಿ ದಾಟಿದ್ರೆ "ನಿಧಾನ ಕಣಪ್ಪಾ, ನಮಗೇನೂ ಅವಸರ ಇಲ್ಲ" ಅಂತ ಬಾಯಿಬಿಟ್ಟು ಹೇಳೋದು. ಬಿಟ್ಟು ಬರೋ ಟ್ರಿಪ್ಪಾದ್ರೆ "ಅಲ್ಲೇ ಎಲ್ಲಾದ್ರೂ ಗಾಡಿ ಹಾಕಿ ಮಲಗಿ, ಬೆಳಕಾದ ಮೇಲೆ ಹೊರಡು" ಅಂತ ಹೇಳಿ ಅದಕ್ಕೆ ಬೇರೆಯಾಗಿ ದುಡ್ಡು ಕೊಡೋದು.

ಸಾವಿನ ಮನೆಗೆ ಬರೋ ಗಾಡಿಗಂತೂ ಈ ನೇಮ ಇನ್ನೂ ಗಟ್ಟಿ. ಆವತ್ತು ಎಲ್ಲರೂ ಫೋನ್ ಮಾಡಿ "ಎಲ್ಲಿದೀರಾ, ಎಲ್ಲಿದೀರಾ" ಅಂತ ಡ್ರೈವರ್ ಕಾಲನ್ನ ಆಕ್ಸಿಲರೇಟರಿಗೆ ಒತ್ತೋರೇ. ಹಿರೀಕರೊಬ್ಬರು ಗಟ್ಟಿ ಮನಸ್ಸು ಮಾಡಿ "ಅವ್ರು ಬರೋತನಕ ಎತ್ತಲ್ಲ, ನಿಧಾನಕ್ಕೆ ಬರ್ಲಿ" ಅಂತ ಒಂದು ಮಾತು ಹೇಳಿಬಿಟ್ರೆ ದಾರೀಲಿರೋರ ಜೀವ ತಣ್ಣಗಾಗ್ತದೆ. ಒಂದು ಸಾವಿಗೆ ಇನ್ನೊಂದನ್ನ ಜೊತೆ ಮಾಡೋದು ಬೇಡ.

ಸರ್ಕಾರದೋರು ಬಸ್ ಹೆಚ್ಚು ಮಾಡ್ಲಿ, ಹೈವೇಲಿ ಗಾಡಿ ನಿಲ್ಲಿಸಿ ಮಲಗೋಕೆ ಜಾಗ ಮಾಡ್ಲಿ, ಒಂದೇ ಗಾಡಿ ಇರೋನನ್ನೂ ಕಾನೂನಿನೊಳಗೆ ತರ್ಲಿ. ಕೇಳೋಣ, ಕೇಳ್ಬೇಕು. ಅದೆಲ್ಲಾ ಬರೋತನಕ ಮುಂದಿನ ವಾರ ನಿಮ್ಮ ಮನೆಗೆ ಯಾರೋ ಬರ್ತಿದಾರಲ್ಲ, ಆ ಗಾಡಿ ವಿಷಯ ನಿಮ್ಮ ಕೈಲೇ ಇದೆ. ಬಾಡಿಗೆ ಮಾತಾಡೋವಾಗ ನಿದ್ದೆ ದುಡ್ಡನ್ನೂ ಸೇರಿಸಿ ಮಾತಾಡಿ. ರಾತ್ರಿ ಖಾಲಿ ಗಾಡೀಲಿ ವಾಪಸ್ ಬರ್ತಿರೋನಿಗೆ ಬೆಳಗ್ಗೆ ಕಾಫಿಗಿಡೋಕೂ ಮುಂಚೆ ಒಂದು ಫೋನ್ ಮಾಡಿ, "ತಲುಪಿದ್ಯೇನಪ್ಪಾ?" ಅಂತ ಕೇಳಿ.